ಚಂದನಳಿಗೆ ಕೀಬೋರ್ಡು ಬೇಕೇ?

ಕ್ಯಾತನಹಳ್ಳಿ
17-11-2024

ಪ್ರೀತಿಯ ಪವಿತ್ರ,

ನೀನು, ನಿಮ್ಮ ಯಜಮಾನರು, ಮಗಳು ಚಂದನ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನಗೆ ಉತ್ತರ ಬರೆಯುವಷ್ಟರಲ್ಲಿ ದಸರೆ, ದೀಪಾವಳಿ ಎರಡೂ ಮುಗಿದುಹೋದವು. ಬಯ್ಯುವುದಾದರೆ ಬಯ್ಯಿ, ನಾಗಮಂಗಲದಿಂದ ಇಲ್ಲಿಗೇನೂ ಕೇಳಿಸುವುದಿಲ್ಲ. ಈ ಕಾಲದಲ್ಲೂ ಕಾಗದ ಯಾಕೆ ಅಂತ ನಗುತ್ತಿದ್ದೀಯ ಅಲ್ಲವಾ? ನನ್ನ ಫೋನು ಹೆಸರಿಗೆ ಮಾತ್ರ ನನ್ನದು. ನಡುಮನೆಯ ಟೇಬಲ್ಲಿನ ಮೇಲಿರುತ್ತದೆ, ಕೈಗೆ ಸಿಕ್ಕವರು ತೆಗೆದು ನೋಡುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಈ ಮನೆಯಲ್ಲಿ ಯಾವುದಕ್ಕೂ ಕೆಟ್ಟ ಉದ್ದೇಶ ಇರುವುದಿಲ್ಲ, ಅದಕ್ಕೇ ಜಗಳವಾಡಲೂ ದಾರಿಯಿಲ್ಲ.

ಮೊದಲು ನಿನ್ನ ಪ್ರಶ್ನೆ. ಕಂಪ್ಯೂಟರಿನಲ್ಲಿ ಸಂಗೀತ ಮಾಡುವುದನ್ನು ಕಲಿಯಲು ಚಂದನಳಿಗೆ ನುಡಿಸುವ ಕೀಬೋರ್ಡು ಕೊಡಿಸಲೇಬೇಕಾ ಅಂತ ಕೇಳಿದ್ದೀಯ. ಬೇಡ. ಅಂಗಡಿಯವನು ಹಾಗೇ ಹೇಳುತ್ತಾನೆ, ಮಾರುವುದು ಅವನ ಕೆಲಸ. ಲ್ಯಾಪ್‌ಟಾಪಿನಲ್ಲಿ ಅಕ್ಷರ ಒತ್ತುತ್ತೇವಲ್ಲ, ಅದರ ನಡುಸಾಲೇ ಸರಿಗಮ ಆಗುತ್ತದೆ. ಮೇಲಿನ ಸಾಲಿನಲ್ಲಿ ಕಪ್ಪು ಕೀಗಳ ಸ್ವರಗಳು ಸಿಗುತ್ತವೆ. ಬೆರಳು ಓಡದಿದ್ದರೆ ಮೌಸಿನಿಂದ ಒಂದೊಂದೇ ಸ್ವರವನ್ನು ಗೀಚಿ ಕೂರಿಸಬಹುದು. ಒಂದೇ ಕೊರತೆ, ಮೆಲ್ಲಗೆ ಒತ್ತಿದರೂ ಗುದ್ದಿದರೂ ಸದ್ದು ಒಂದೇ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನುವುದನ್ನು ಆಮೇಲೆ ಕೂತು ತಿದ್ದಬೇಕು.

ನಿನಗಿದೆಲ್ಲ ಹೇಗೆ ಗೊತ್ತು, ನಿನ್ನ ಹತ್ತಿರ ಕೀಬೋರ್ಡು ಇತ್ತಲ್ಲ ಅನ್ನುತ್ತೀಯ. ಇತ್ತು. ನಮ್ಮ ಮಾವ ನಂಜಪ್ಪನವರು ತೀರಿಕೊಂಡಾಗ ಅದು ಮನೆಬಿಟ್ಟಿತು. ನಮ್ಮಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಹಾಡು ವಾದ್ಯವಿಲ್ಲ. ಕಣ್ಣೆದುರು ಇದ್ದರೆ ಕೈ ಸುಮ್ಮನಿರುವುದಿಲ್ಲ ಅಂತ ಅತ್ತೆಯೇ ಅದನ್ನು ಮಾಕವಳ್ಳಿಗೆ, ನಾದಿನಿ ಲತಳ ಮನೆಗೆ ಕಳಿಸಿದರು. ವರ್ಷ ತಾನೇ ಅಂತ ನಾನೇ ಬಟ್ಟೆ ಸುತ್ತಿ ಕಾರಿನಲ್ಲಿಟ್ಟೆ.

ಆ ವರ್ಷ ತಡೆಯಲಾಗದೆ ಇದನ್ನು ಕಲಿತೆ. ನಾನು ಇಲ್ಲಿನ ಮಹಿಳಾ ಡೇರಿಯ ಕಾರ್ಯದರ್ಶಿ, ಲ್ಯಾಪ್‌ಟಾಪು ಅದಕ್ಕೆಂದು ಬಂದದ್ದು. ಬೆಳಗಿನ ಹಾಲು ಹೋದ ಮೇಲೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂರುತ್ತೇನೆ. ನೋಡುವವರಿಗೆ ಡೇರಿ ಕೆಲಸ. ಪಾಪ, ಅತ್ತೆ ಎಷ್ಟೋ ಸಲ ಪಕ್ಕದಲ್ಲಿ ಟೀ ಇಟ್ಟು, ಕೆಲಸ ಕೆಡಿಸಬಾರದು ಅಂತ ಸದ್ದು ಮಾಡದೆ ಹೋಗುತ್ತಾರೆ. ಆಗ ನನಗೆ ನಾಚಿಕೆಯಾಗುತ್ತದೆ, ಕೋಪವೂ ಬರುತ್ತದೆ.

ಮಾವನವರ ವರ್ಷದ ತಿಥಿ ಮುಗಿದು ಎರಡನೇ ಯುಗಾದಿಯೂ ಆಯಿತು. ಟಿವಿ ಹಾಡುತ್ತದೆ, ಟ್ರಾಕ್ಟರು ಹಾಡುತ್ತದೆ. ಕೀಬೋರ್ಡಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಲತಳ ಮಕ್ಕಳು ಅದನ್ನು ಕುಟ್ಟುವ ವಿಡಿಯೋ ಬರುತ್ತದೆ, ಎಲ್ಲರ ಜೊತೆ ನಾನೂ ನಗುತ್ತೇನೆ. ವಾಪಸು ಕೇಳಬೇಕೆಂದು ಒಂದು ದಿನ ಬಾಯಿ ತೆರೆಯುವಷ್ಟರಲ್ಲಿ ನಮ್ಮವರು, "ನೀನು ಅದ್ನ ಬುಟ್ಬುಟ್ಟಿದ್ದು ಒಳ್ಳೇದಾಯ್ತು ಕಣೆ. ಅವ್ವಂಗೂ ನೆಮ್ಮದಿ" ಅಂದರು. ಎಷ್ಟು ಪ್ರೀತಿಯಿಂದ ಅಂದರು ಗೊತ್ತಾ! ನಾನು ಎದ್ದು ಹಾಲು ಕರೆಯಲು ಹೋದೆ.

ಇಪ್ಪತ್ತಕ್ಕೂ ಹೆಚ್ಚು ಹಾಡು ಮಾಡಿದ್ದೇನೆ ಪವಿತ್ರ. ಎಲ್ಲವೂ ನನ್ನ ಎರಡು ಕಿವಿಯೊಳಗೇ ಇವೆ. ಚಂದನಳಿಗೆ ಒಳ್ಳೆಯ ಇಯರ್‌ಫೋನು ಇದ್ದರೆ ಸಾಕು, ದುಡ್ಡು ದಂಡ ಮಾಡಬೇಡ. ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸು. ಮಗುವಿಗೆ ಒಳ್ಳೆಯದಾಗಲಿ, ಕೈ ಹಿಡಿದ ವಿದ್ಯೆ ಕೊನೆತನಕ ಜೊತೆಗಿರಲಿ.

ನಿನ್ನ
ಪ್ರಮೀಳಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಹೋದ ವಾರ ಇಯರ್‌ಫೋನಿನ ಪಿನ್ನು ಕಳಚಿ, ನನ್ನ ಹಾಡು ನಡುಮನೆಗೆಲ್ಲ ಕೇಳಿಸಿಬಿಟ್ಟಿತು. ರಾಗಿ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. ಬಯ್ಯಲಿಲ್ಲ. "ಯಾರ್ದವ್ವ ಇದು? ಸಂದಾಗದೆ. ಇನ್ನೊಂದ್ ಕಿತ ಆಕು" ಅಂದರು. ಇಷ್ಟು ದಿನ ಕಾದಿದ್ದ ಬಾಗಿಲು ತಾನಾಗಿ ತೆರೆದಿತ್ತು ಕಣೆ. ನಾನು, "ಯಾರ್ದೋ ಗೊತ್ತಿಲ್ಲ ಅತ್ತೆ" ಅಂದು ಪಿನ್ನು ಸಿಕ್ಕಿಸಿದೆ. ಇನ್ನು ಅದು ನನ್ನದು ಅಂದರೆ, ಅವರು ಟೀ ಇಟ್ಟು ಹೋದ ಅಷ್ಟೂ ದಿನ ನಾನು ಸುಳ್ಳಾಡಿದ ಹಾಗಾಗುತ್ತದೆ. ಹೇಳಲಾರೆ.

ಕಲಿಯಲು ಕೀಬೋರ್ಡು ಬೇಡ, ಅದು ನಿಜವೇ. ಆದರೂ ಚಂದನಳಿಗೆ ಒಂದು ಕೊಡಿಸು. ಬೀರುವಿನಲ್ಲಿ ಹಿಡಿಸದಷ್ಟು ದೊಡ್ಡದನ್ನೇ ಕೊಡಿಸಿ ನಡುಮನೆಯಲ್ಲಿಡು. ಬಂದವರು ಎಡವಿ, ಇದು ಯಾರದ್ದು ಅಂತ ಕೇಳಲಿ. ನನ್ನದು ಅನ್ನುವುದನ್ನು ಅವಳು ಈಗಲೇ ರೂಢಿ ಮಾಡಿಕೊಳ್ಳಲಿ.