ಕಲ್ ಎಂಬ ಫೋಲ್ಡರ್

ನನ್ನ ಪಕ್ಕದ ಕುರ್ಚಿಯ ಶೈಸ್ತಾಳಿಗೆ,

ಚೆನ್ನಾಗಿದ್ದೀಯಾ ಎಂದು ಕೇಳಿಯೇ ಕಾಗದ ಶುರು ಮಾಡಬೇಕು, ಅದು ಪದ್ಧತಿ. ಆದರೆ ಆ ಪ್ರಶ್ನೆಗೆ ನೀನು ಯಾವತ್ತೂ ನಿಜ ಹೇಳಿದವಳಲ್ಲ. ಜ್ವರದಲ್ಲಿ ಕೂತು ಟೈಪ್ ಮಾಡುವಾಗಲೂ "ನನಗೇನಾಗ್ಯದ, ಗುಂಡಕಲ್ಲ ಇದ್ದಂಗ ಇದ್ದೀನಿ" ಎನ್ನುತ್ತಿದ್ದೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಬಾಬುಮಿಯಾ ಚಾಚಾ ನಾವಿಬ್ಬರೂ ಕೂರುತ್ತಿದ್ದ ಅಂಗಡಿ ಮುಚ್ಚುತ್ತಿದ್ದಾರೆ. ನಾನು ನನ್ನದೇ ಒಂದು ಟೈಪಿಂಗ್ ಅಂಗಡಿ ಇಡುತ್ತಿದ್ದೇನೆ. ನೀನು ಮತ್ತೆ ಬಂದು ನನ್ನ ಪಕ್ಕ ಕೂರುತ್ತೀಯಾ ಎಂದು ಕೇಳಲು ಈ ಕಾಗದ. ಉಳಿದದ್ದೆಲ್ಲ ಪೀಠಿಕೆ. ಪೀಠಿಕೆಯಿಲ್ಲದೆ ನಾನು ನಿನ್ನೆದುರು ಯಾವತ್ತು ಮಾತಾಡಿದ್ದೇನೆ ಹೇಳು. ಸಹಿಸಿಕೊಂಡು ಓದು.

ಚಾಚಾರಿಗೆ ಈಗ ಪರದೆ ನೋಡಿದರೆ ಕಣ್ಣಲ್ಲಿ ನೀರು ಸುರಿಯುತ್ತದೆ. ಹೋದ ವಾರ ಕರೆದು, "ಬೇಟಾ, ಈ ಡಬ್ಬಾ ನೀನೇ ಒಯ್ಯಿ. ನಿಮ್ಮಿಬ್ಬರ ಜಗಳ ಕೇಳಿ ಕೇಳಿ ಅದಕ್ಕೂ ಚಟಾ ಹತ್ಯದ" ಎಂದರು. ಡಬ್ಬಾ ಅಂದರೆ ನಮ್ಮ ಹಳೆಯ ಕಂಪ್ಯೂಟರ್. ರಿಪೇರಿ ಮಾಡುವ ಅಬ್ರಾರ ಬಂದು ಅದರ ಹೊಟ್ಟೆಗೆ ಕಿವಿಗೊಟ್ಟು ಕೇಳಿದ. ಒಳಗೆ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದೆ. "ಅಕ್ಕಾ, ಇದರದ್ದು ಭಾಳ ದಿನ ಇಲ್ಲ. ಬೇಕಾದ್ದಷ್ಟು ಲಗೂನ ತಕ್ಕೊಂಬಿಡ್ರಿ" ಎಂದ. ಬೇಕಾದ್ದು ಯಾವುದು, ಬೇಡದ್ದು ಯಾವುದು ಎಂದು ನೋಡುತ್ತ ಅಂದಿನಿಂದ ಕೂತಿದ್ದೇನೆ. ಎಲ್ಲಿ ಕ್ಲಿಕ್ ಮಾಡಿದರೂ ನೀನೇ ಸಿಗುತ್ತಿದ್ದೀಯ.

ನೀನು ಬರುವ ಮೊದಲು ಆ ಡಬ್ಬಾ ಹೇಗಿತ್ತು, ನೆನಪಿದೆಯಾ? ಎಲ್ಲವೂ ಡೆಸ್ಕ್‌ಟಾಪಿನ ಮೇಲೆ. ನ್ಯೂ ಫೋಲ್ಡರ್, ಅದರ ಪಕ್ಕ ಇನ್ನೊಂದು ನ್ಯೂ ಫೋಲ್ಡರ್, ಅದರೊಳಗೆ ಮತ್ತೊಂದು. ಫೈನಲ್, ಫೈನಲ್ ಓಕೆ, ಫೈನಲ್ ಪಕ್ಕಾ, ಇದೇ ಫೈನಲ್. ಪರದೆಯ ಮೇಲೆ ಚಾಚಾ ಮೊಮ್ಮಗ ರಿಹಾನನ ಫೋಟೋ ಹಾಕಿದ್ದರು, ಆದರೆ ಫೈಲುಗಳ ಸಂದಿಯಲ್ಲಿ ಆ ಮಗುವಿನ ಒಂದು ಕಿವಿ ಮಾತ್ರ ಕಾಣುತ್ತಿತ್ತು. ನೀನು ಬಂದ ವಾರವೇ ಗಿರಾಕಿಗಳ ಊರಿನ ಹೆಸರಿನಲ್ಲಿ ಐದು ಫೋಲ್ಡರ್ ಮಾಡಿದೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಅಬ್ಬಾ, ಬುದ್ಧಿವಂತೆ ಬಂದಳು ಎಂದುಕೊಂಡೆ. ಒಳಗೆ ತೆರೆದು ನೋಡಿ ತಲೆ ಮೇಲೆ ಕೈ ಹೊತ್ತೆ. "ಆಡಕಿ ಛತ್ರಿ ಕಾಕಾ." "ಸಿಟ್ಟಿನ ಅಕ್ಕ." "ಎರಡು ಸಲ ಚಹಾ ಕುಡಿದವರು." ಮದುವೆ ಕಾರ್ಡಿನ ಫೈಲಿಗೆ ಇವೆಲ್ಲ ಹೆಸರೇ? ವರ್ಷ, ತಿಂಗಳು, ಮನೆತನದ ಹೆಸರು, ಹೀಗೆ ಇಡಬೇಕು ಎಂದು ನಾನು ಬಡಕೊಂಡೆ. ನೀನು ತಲೆ ಕೂಡ ಎತ್ತಲಿಲ್ಲ. "ಮಂದಿ ತಾರೀಖ ಹಿಡ್ಕೊಂಡು ಬರಂಗಿಲ್ಲ ಯಶೋ, ಮಾರಿ ಹಿಡ್ಕೊಂಡು ಬರ್ತಾರ" ಎಂದೆ.

ಈಗ ನೀನಿಲ್ಲವಲ್ಲ, ನನ್ನದೇ ರಾಜ್ಯ. ಹೊಸ ಡಿಸ್ಕಿಗೆ ಹಾಕುವಾಗ ಎಲ್ಲವನ್ನೂ ವರ್ಷದ ಪ್ರಕಾರ ಜೋಡಿಸತೊಡಗಿದೆ. ಅರ್ಧ ಮುಗಿದಿತ್ತು. ಆಗ ಆಡಕಿಯಿಂದ ಒಬ್ಬ ಮುದುಕರು ಬಂದು ಕೂತರು. ಹಿರಿ ಮಗಳ ಲಗ್ನಕ್ಕೆ ಮಾಡಿಸಿದ್ದ ಕಾರ್ಡಿನ ನಮೂನೆಯೇ ಕಿರಿಯವಳಿಗೂ ಬೇಕಂತೆ. ಯಾವ ವರ್ಷ ಎಂದು ಕೇಳಿದೆ, ನೆನಪಿಲ್ಲ. ಯಾವ ತಿಂಗಳು, ಅದೂ ಇಲ್ಲ. "ನಾ ಬಂದಿದ್ನಲ್ಲವ್ವಾ ಅವತ್ತು? ಇಲ್ಲೊಬ್ಬಾಕಿ ಕುಂದ್ರತಿದ್ಲು, ಆಕಿ ಎಲ್ಲ್ಯಾಳ? ಆಕಿಗಿ ಗೊತ್ತದ" ಎಂದರು. "ಕಾಕಾ, ಅವಾಗ ನಿಮ್ಮ ಕೈಯಾಗ ಛತ್ರಿ ಇತ್ತೇನ್ರಿ?" ಎಂದು ಕೇಳಿದೆ. ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಆ ಮಧ್ಯಾಹ್ನವೇ ನನ್ನ ವರ್ಷದ ಫೋಲ್ಡರುಗಳನ್ನೆಲ್ಲ ಅಳಿಸಿ ನಿನ್ನ ಹೆಸರುಗಳನ್ನೇ ವಾಪಸು ಇಟ್ಟೆ. ಸೋತೆ ಎಂದು ಬರೆದುಕೊಡುತ್ತಿದ್ದೇನೆ, ಜೋಪಾನವಾಗಿ ಇಟ್ಟುಕೋ.

ನಿನ್ನ ಎಡಗೈ ಕಿರುಬೆರಳನ್ನು ನಾನು ಎಷ್ಟು ಬೈದಿದ್ದೇನೆ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಗಟ್ಟಿಯಾದ ಬೆರಳು ಅದು, ಶಿಫ್ಟ್ ಗುಂಡಿ ಹಿಡಿದು ನಿಲ್ಲುತ್ತಿರಲಿಲ್ಲ. ಶಿಫ್ಟ್ ಹಿಡಿಯದಿದ್ದರೆ ಳ ಹೋಗಿ ಲ ಬೀಳುತ್ತದೆ, ಣ ಹೋಗಿ ನ ಬೀಳುತ್ತದೆ. ಮಗಳು ಮಗಲು ಆಗುತ್ತಿದ್ದಳು, ಕಲ್ಯಾಣ ಕಲ್ಯಾನ ಆಗುತ್ತಿತ್ತು. ಕಾಗುಣಿತ ನನಗಿಂತ ನಿನಗೇ ಚೆನ್ನಾಗಿ ಬರುತ್ತಿತ್ತು, ಬೆರಳಿಗೆ ಮಾತ್ರ ಬರುತ್ತಿರಲಿಲ್ಲ. ನಿನ್ನ ಟೈಪಿಂಗ್ ಮುಗಿದ ಮೇಲೆ ನಾನು ಬಾಗಿ ಳ, ಣ ಹಾಕಿಕೊಂಡು ಹೋಗುತ್ತಿದ್ದೆ. ನೀನು ಆ ಹೊತ್ತಿಗೆ ಕಾರ್ಡಿನ ಉರ್ದು ಪುಟವನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ. "ಒಬ್ಬಾಕಿ ಅಡಿಗಿ ಮಾಡ್ತಾಳ, ಒಬ್ಬಾಕಿ ಉಪ್ಪ ಹಾಕ್ತಾಳ" ಎಂದು ಚಾಚಾ ಬಂದವರಿಗೆಲ್ಲ ಹೇಳುತ್ತಿದ್ದರು.

ಇನ್ನು ಆ 'ಕಲ್' ಫೋಲ್ಡರಿನ ಕತೆ. ನಾನು ಅದನ್ನು ಮಾಡಿದ್ದು ಕಲ್ಲಿನ ಕೆಲಸಕ್ಕೆ. ಹಾಸುಗಲ್ಲಿಗೆ ಹೆಸರಾದ ಶಹಾಬಾದಿನಲ್ಲಿ ಕೂತ ಮೇಲೆ ಕಾಗದಕ್ಕಿಂತ ಕಲ್ಲಿಗೇ ಅಕ್ಷರ ಜಾಸ್ತಿ: ಮನೆಯ ಹೆಸರು, ಅಡಿಗಲ್ಲು, ಗೋರಿಯ ಕಲ್ಲು. ಮಜೀದಸಾಬರು ಬಂದು ಆ ಫೋಲ್ಡರಿನಿಂದ ದೊಡ್ಡ ಅಕ್ಷರದ ಪ್ರಿಂಟು ತೆಗೆಸಿಕೊಂಡು, ಕಲ್ಲಿಗೆ ಅಂಟಿಸಿ ಕೆತ್ತುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಆ ಹೆಸರನ್ನು ನೀನು ನಿಮ್ಮ ಮನೆಮಾತು ಉರ್ದುವಿನಲ್ಲಿ ಓದಿಕೊಂಡೆ. ಕಲ್, ಅಂದರೆ ನಾಳೆ. ನಾಳೆ ಕೊಡಬೇಕಾದ ಕಾರ್ಡುಗಳನ್ನೆಲ್ಲ ಅದರಲ್ಲಿ ತುಂಬಿದೆ. ಅಷ್ಟೇ ಆಗಿದ್ದರೆ ಹೋಗಲಿ, ನಿಮ್ಮ ಮಾತಿನಲ್ಲಿ ನಿನ್ನೆಯೂ ಕಲ್. ನಿನ್ನೆ ಕೊಟ್ಟು ಮುಗಿದದ್ದೂ ಅಲ್ಲೇ ಉಳಿಯಿತು. "ಇದು ನಿನ್ನಿ ಕಲ್ ಏನು, ನಾಳಿ ಕಲ್ ಏನು?" ಎಂದು ಕೇಳಿದರೆ, "ನೀ ಯಾವಾಗ ಕೇಳ್ತಿ ಅದರ ಮ್ಯಾಲ ಅದ" ಎನ್ನುತ್ತಿದ್ದೆ. ಕೊನೆಗೆ ಆಗುವುದು ಆಯಿತು. ನಾವಿಬ್ಬರೂ ಊಟಕ್ಕೆ ಹೋಗಿದ್ದಾಗ ಚಾಚಾ ಕನ್ನಡಕ ಹುಡುಕದೆ ಒಂದು ಫೈಲು ಒತ್ತಿ, ಕನ್ನಡ ಓದಲು ಬಾರದ ಮಜೀದಸಾಬರ ಕೈಗೆ ಪ್ರಿಂಟು ಕೊಟ್ಟರು. ಚಿತ್ತಾಪುರದ ದೇವಾನಂದ ಮಾಸ್ತರರ ಹೊಸ ಮನೆಯ ಬಾಗಿಲ ಮೇಲೆ ಕೂರಬೇಕಾದ ಕಲ್ಲಿನಲ್ಲಿ ಯಾರದೋ ಮದುವೆ ಕಾರ್ಡಿಗೆಂದು ನೀನು ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಇಟ್ಟಿದ್ದ ಕೊನೆಯ ಸಾಲು ಬಂತು. ಅದೂ ನಾನಿನ್ನೂ ತಿದ್ದಿರದ ಸಾಲು. "ತಮ್ಮ ಆಗಮನ ಬಯಸುವ ಬಂಧು ಬಲಗ."

ಮಾಸ್ತರರು ಅಂಗಡಿಗೆ ಬಂದಾಗ ನೀನು ಮೇಜಿನ ಕೆಳಗೆ ಏನೋ ಬಿದ್ದಿದೆ ಎಂದು ಬಗ್ಗಿ ಕೂತವಳು ಏಳಲೇ ಇಲ್ಲ. ನಾನೊಬ್ಬಳೇ ಅವರೆದುರು ನಿಂತೆ. ಪುಣ್ಯಕ್ಕೆ ಅವರು ನಗುವ ಮನುಷ್ಯ. "ಇರ್ಲಿ ಬಿಡ್ರಿ, ಮನಿಗಿ ಮಂದಿ ಬರ್ಲಿ ಅಂತೇ ಅದ ಅಲ್ಲ" ಎಂದು ಆ ಕಲ್ಲನ್ನೇ ಕೂರಿಸಿದರು. ಅವರು ಹೋದ ಮೇಲೆ ಚಾಚಾ ತಮ್ಮ ಕನ್ನಡಕದ ಮಾತು ಎತ್ತದೆ ನಮ್ಮಿಬ್ಬರ ಮೇಲೆ ಹರಿಹಾಯ್ದರು. "ಒಂದೇ ಹೆಸರಿನ ಇಬ್ಬರು ಸೊಸ್ತೇರನ್ನ ಒಂದೇ ಮನಿಗಿ ತಂದಂಗ ಆಯ್ತು ನಿಮ್ಮದು." ಆದರೂ ಆ ಫೋಲ್ಡರಿನ ಹೆಸರನ್ನು ನೀನೂ ಬದಲಿಸಲಿಲ್ಲ, ನಾನೂ ಬದಲಿಸಲಿಲ್ಲ. ಬಿಟ್ಟುಕೊಟ್ಟವರು ಕೆಟ್ಟರು ಎನ್ನುವ ಹಟ ಇಬ್ಬರಿಗೂ ಇತ್ತು.

ನಿನ್ನ ಮದುವೆಯ ಕಾರ್ಡನ್ನು ನೀನೇ ಟೈಪ್ ಮಾಡಿದೆ. ಆಸಿಮನ ಹೆಸರು ಬಂದಲ್ಲಿ ಸ್ವಲ್ಪ ನಿಂತು, ಅಕ್ಷರದ ಅಳತೆ ಒಂದು ಹಂತ ಹೆಚ್ಚು ಮಾಡಿದ್ದನ್ನು ನಾನು ಓರೆಗಣ್ಣಲ್ಲಿ ನೋಡಿದೆ. ಳ, ಣ ನಾನು ಹಾಕಿದೆ. ಅವತ್ತು ನಿಧಾನವಾಗಿ ಹಾಕಿದೆ, ಮುಗಿಯುವುದು ಬೇಡವಾಗಿತ್ತು. ನೀನು ಆ ಫೈಲನ್ನು ಕಲ್‌ನಲ್ಲಿ ಇಟ್ಟೆ. ಇವತ್ತು ತೆರೆದು ನೋಡಿದೆ, ಅಲ್ಲೇ ಇದೆ. ಆಗ ಅದು ನಾಳೆಯಾಗಿತ್ತು.

ಆಮೇಲೆ ನೀನು ಗಂಡನ ಮನೆಗೆ, ಸುಲೇಪೇಟಕ್ಕೆ ಹೋದೆ. ಮೊದಮೊದಲು ಫೋನ್ ಬರುತ್ತಿತ್ತು. ಕೊನೆಯ ಸಲ ಮಾತಾಡಿದಾಗ "ಕಂಪ್ಯೂಟರ್ ಮುಟ್ಟಿ ಭಾಳ ದಿನ ಆಯ್ತು ಯಶೋ, ಮರ್ತೇ ಹೋಗ್ಯದ" ಎಂದು ನಕ್ಕೆ. ನಾನೂ ನಕ್ಕೆ. ಮತ್ತೆ ನಿನ್ನ ನಂಬರು ಹತ್ತಲಿಲ್ಲ. ನಿಮ್ಮಮ್ಮ ತಾಜುನ್ನಿಸಾ ಖಾಲಾ ಇಲ್ಲಿನ ಮನೆ ಬಿಟ್ಟು ನಿನ್ನ ತಮ್ಮನ ಜೊತೆ ಬೀದರಿಗೆ ಹೋದರು. ನಿನ್ನ ಸುದ್ದಿ ಹೇಳುವವರು ಯಾರೂ ಉಳಿಯಲಿಲ್ಲ. ಸಂಸಾರಕ್ಕೆ ಬಿದ್ದಿದ್ದಾಳೆ, ಸುಖವಾಗಿರಲಿ ಎಂದು ನನಗೆ ನಾನೇ ಹೇಳಿಕೊಂಡು, ನಿನ್ನ ಕುರ್ಚಿಯ ಮೇಲೆ ಕಾಗದದ ಬಂಡಲ್ ಇಡಲು ಶುರು ಮಾಡಿದೆ. ಬೇರೆಯವರು ಬಂದು ಕೂರುವುದು ನನಗೆ ಬೇಡವಾಗಿತ್ತು.

ಈ ತಿಂಗಳು ನಮ್ಮಮ್ಮನ ದೂರದ ಅಣ್ಣ, ಸುಲೇಪೇಟ ಕಡೆಯ ಭೀಮಶ್ಯಾ ಮಾಮಾ, ಮಗಳ ಮದುವೆಗೆ ಕರೆಯಲು ಮನೆಗೆ ಬಂದರು. ನಮ್ಮ ಕಸುಬೇ ಇದಲ್ಲವೇ, ಕಾರ್ಡು ಕೈಗೆ ಬಂದರೆ ನಾನು ಮೊದಲು ನೋಡುವುದು ಅಕ್ಷರ. "ನಮ್ಮ ಹಿರಿಯ ಮಗಲು" ಎಂದಿತ್ತು. ಕೆಳಗೆ "ಬಂಧು ಬಲಗ." ಇದನ್ನು ಮಾಡಿದವರು ಯಾರು ಎಂದು ಕೇಳಿದೆ. "ನಮ್ಮೂರ ಬಸ್‌ಸ್ಟ್ಯಾಂಡ್ ಬಾಜೂಕ ಒಂದು ಝರಾಕ್ಸ್ ಅಂಗಡಿ ಅದ, ಒಬ್ಬಾಕಿ ಹೆಣ್ಮಗಳು ಕುಂದ್ರತಾಳ. ಕೆಲಸ ಛಲೋ ಮಾಡ್ತಾಳ. ಮಾತು ಕಮ್ಮಿ" ಎಂದರು ಮಾಮಾ.

ಮಾತು ಕಮ್ಮಿ. ಶೈಸ್ತಾ, ಅಕ್ಷರ ತಪ್ಪಿದ್ದು ನನ್ನನ್ನು ಅಷ್ಟು ಕಾಡಲಿಲ್ಲ, ಈ ಎರಡು ಪದ ಕಾಡಿದವು. ಯಾರ ಬಗ್ಗೆ ಹೇಳುತ್ತಿದ್ದಾರೆ ಇವರು? ಪ್ರಿಂಟರ್ ಜೊತೆಗೂ ಮಾತಾಡುತ್ತಿದ್ದವಳು ನೀನು. ನೀನು ಮತ್ತೆ ಕೆಲಸಕ್ಕೆ ಕೂತಿದ್ದೀಯ ಎಂದು ಸಂತೋಷ ಪಡಬೇಕಿತ್ತು, ಪಟ್ಟೆ ಕೂಡ. ಆದರೆ ನಿನ್ನ ಪಕ್ಕ ಬಾಗಿ ನೋಡುವವರು ಯಾರೂ ಇಲ್ಲ ಎನ್ನುವುದು ಆ ಕಾರ್ಡಿನಲ್ಲೇ ಕಾಣುತ್ತಿತ್ತು. ಅಮ್ಮನಿಗೆ ಕಾಣದ ಹಾಗೆ ಹಿತ್ತಲಿಗೆ ಹೋಗಿ ಅತ್ತೆ.

ಕಾರ್ಡಿನ ತುದಿಯಲ್ಲಿ ಅಂಗಡಿಯ ನಂಬರು ಇತ್ತು. ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಿ ನೀನು ನಗುತ್ತೀಯ, ನೀನು ನಕ್ಕ ಮೇಲೆ ನನಗೆ ಏನೂ ಹೇಳಲಾಗುವುದಿಲ್ಲ. ಮಾಮಾನ ಮಗಳ ಮದುವೆಗೆ ನಿಮ್ಮೂರಿಗೆ ಬಂದಾಗ ಎದುರಿಗೇ ಕೇಳಬಹುದಿತ್ತು. ಎದುರಿಗೆ ಕೇಳಿದರೆ ನೀನು ಇಲ್ಲ ಎನ್ನಲಾರೆ, ನಿನ್ನ ದಾಕ್ಷಿಣ್ಯ ನನಗೆ ಗೊತ್ತು. ಇಲ್ಲ ಎನ್ನುವ ದಾರಿಯೂ ನಿನಗೆ ತೆರೆದಿರಲಿ ಎಂದೇ ಕಾಗದ ಬರೆದು, ಮತ್ತೆ ಈ ಕಡೆ ಬಂದಿರುವ ಮಾಮಾನ ಕೈಯಲ್ಲಿ ಕೊಡುತ್ತಿದ್ದೇನೆ. ಈ ಫೈಲುಗಳನ್ನು ವಿಂಗಡಿಸಲು ನೀನೇ ಬೇಕು ಎಂದು ಬರೆಯೋಣವೆಂದಿದ್ದೆ. ಅದು ನೆಪ. ಫೈಲು ನಾನೊಬ್ಬಳೇ ಮಾಡಿಕೊಳ್ಳಬಲ್ಲೆ. ನನಗೆ ಬೇಕಾಗಿರುವುದು ನೀನು. ಬೆಳಗಿನಿಂದ ಸಂಜೆಯವರೆಗೆ ಸರಿಯಾಗಿ ಟೈಪ್ ಮಾಡಿ, ಸರಿಯಾದ ಫೋಲ್ಡರಿನಲ್ಲಿ ಇಟ್ಟು, ಯಾರ ಜೊತೆಗೂ ಜಗಳಾಡದೆ ಮನೆಗೆ ಹೋಗುವುದು ನನಗೆ ಸಾಕಾಗಿದೆ.

ನಿನಗೆ ಅಲ್ಲೇ ಹಿತವಾಗಿರಬಹುದು. ಅಂಗಡಿ ನಿನ್ನದೇ ಇರಬಹುದು, ಆಸಿಮನಿಗೂ ಅತ್ತೆಗೂ ನೀನು ಹತ್ತಿರದಲ್ಲಿರುವುದೇ ಬೇಕಿರಬಹುದು. ಹಾಗಿದ್ದರೆ ನಾಲ್ಕು ಸಾಲು ಬರೆದು ತಿಳಿಸು, ನಾನು ಮುನಿಸಿಕೊಳ್ಳುವುದಿಲ್ಲ.

ಹೊಸ ಅಂಗಡಿ ಎಲ್ಲಿ ಎಂದು ಹೇಳಲೇ ಇಲ್ಲ. ಅಮ್ಮ ವಾಡಿಯಲ್ಲಿ ಇಡು ಎಂದಳು, ಅಲ್ಲಿ ನಮ್ಮವರ ಮನೆಗಳಿವೆ. ಚಾಚಾ ಚಿತ್ತಾಪುರ ಎಂದರು, ಕಚೇರಿಗಳ ಕೆಲಸ ಸಿಗುತ್ತದಂತೆ. ಮಾಮಾ ಕಾರ್ಡು ಕೊಟ್ಟು ಹೋದ ಮರುದಿನ ನಾನು ರೈಲು ಹತ್ತಿ ಸೇಡಂಗೆ ಹೋದೆ. ಬಸ್ ನಿಲ್ದಾಣದಲ್ಲಿ ನಿಂತು ಸುಲೇಪೇಟದ ಬಸ್ಸು ಬೆಳಿಗ್ಗೆ ಯಾವಾಗ ಬರುತ್ತದೆ, ಸಂಜೆ ಯಾವಾಗ ಹೋಗುತ್ತದೆ ಎಂದು ಕೇಳಿಕೊಂಡೆ. ಆಮೇಲೆ ಅಲ್ಲೇ ಹತ್ತಿರ ಒಂದು ಕೋಣೆ ನೋಡಿ ಮಾತು ಕೊಟ್ಟು ಬಂದೆ. ಸೇಡಂ ಏಕೆ ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ಯಾರಿಗೂ ಹೇಳಿಲ್ಲ. ನೀನು ಬರುವುದಿಲ್ಲ ಎಂದರೂ ನಾನು ಆ ಕೋಣೆ ಬಿಡುವುದಿಲ್ಲ. ಅರ್ಧ ದಾರಿಯಾದರೂ ನಿನ್ನ ಕಡೆ ಬಂದಿರುತ್ತೇನೆ.

ನಿನ್ನ ಮನೆ ತುಂಬಿರಲಿ, ನಿನ್ನ ಬಾಯಿಗೆ ಮಾತು ಮರಳಲಿ.

ಸದ್ಯಕ್ಕೆ ಶಹಾಬಾದಿನಲ್ಲಿರುವ
ನಿನ್ನ ಯಶೋ