ಮೀನಿನ ವಾಸನೆಯ ಅರಿವೆ

ಅವ್ವಾ,

ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ನೀನು ಆಣೆ ಹಾಕಿಸಿದ್ದ ಮಾತನ್ನು ಇವತ್ತು ಆಯಿಯ ಮುಂದೆ ಹೇಳಿಬಿಟ್ಟೆ. ನೀನಿದ್ದಿದ್ದರೆ ನಿನ್ನ ಅತ್ತೆಯ ಮುಖ ನೋಡಿ ನಗುತ್ತಿದ್ದೆಯೋ, ನನಗೆ ಬೈಯುತ್ತಿದ್ದೆಯೋ...

ದಾಂಡೇಲಿಯ ಮಿಲ್ಲಿನ ಭೋಂಗಾ ಕೂಗಿದಾಗಲೆಲ್ಲ ನೀನು ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚುತ್ತಿದ್ದೆ. ಆಯಿ ಅದನ್ನು ಮರ್ಯಾದೆ ಎಂದುಕೊಂಡಿದ್ದಳು. "ನಮ್ಮ ಸೊಸಿ ನೋಡ್ರಿ, ರಂಗೂನದಾಗ ಬೆಳದಾಕಿ, ಆದ್ರೂ ಎಷ್ಟ್ ನಾಚಿಕಿ!" ಎಂದು ಓಣಿಗೆಲ್ಲ ಸಾರುತ್ತಿದ್ದಳು. ನಿಜ ಹೇಳುತ್ತೇನೆ, ನಿನ್ನ ರಂಗೂನು ಬರೀ ಬಡಾಯಿ ಎಂದೇ ನಾನು ತಿಳಿದಿದ್ದೆ.

ಪೋರ್ಚುಗೀಜರಿಂದ ಗೋವೆ ಬಿಡಿಸಲು ನಮ್ಮ ಸೈನ್ಯದ ವಿಮಾನಗಳು ಹೋದ ಆ ಬೆಳಿಗ್ಗೆ ನೆನಪಿದೆಯೇ? ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತ ಹೊರಗೆ ಓಡಿದೆವು. ನೀನು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನಮ್ಮನ್ನು ಗಟಾರಕ್ಕೆ ತಳ್ಳಿ, ಒಬ್ಬೊಬ್ಬರ ಬಾಯಿಗೂ ಬಟ್ಟೆ ತುರುಕಿ, ಮೇಲೆ ಅಡ್ಡ ಮಲಗಿದೆ. ಪಕ್ಕದ ಮನೆಯ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏಳವಾ ತಂಗಿ, ಅವು ನಮ್ಮವ ಇಮಾನ!"

"ನಮ್ಮವಾದ್ರೇನ್ರಿ, ಕೆಳಗ ಕೂಸುಗೊಳು ಇರೂದಿಲ್ಲೇನು?" ಎಂದು ನೀನು ಕೇಳಿದೆ.

ಆ ಸಂಜೆ ನನಗೊಬ್ಬಳಿಗೇ ಹೇಳಿದೆ. ಹಳಿಯಾಳದ ನಿನ್ನಪ್ಪ ಸಾಗವಾನಿ ಅಳೆಯುವ ಕೆಲಸಕ್ಕೆ ನಿನ್ನನ್ನೂ ಕರೆದುಕೊಂಡು ಬರ್ಮಾದ ರಂಗೂನಿಗೆ ಹೋಗಿದ್ದು. ಭೋಂಗಾ ಕೂಗಿ ಜಪಾನಿನವರ ಬಾಂಬು ಬಿದ್ದ ದಿನ ನೀನು ಸಂತೆಯಲ್ಲಿ ಅವನ ಕೈತಪ್ಪಿದ್ದು. ಮೀನು ಮಾರುವವಳೊಬ್ಬಳು ನಿನ್ನನ್ನು ಮೋರಿಗೆ ಎಳೆದು, ಕಿವಿ ಒಡೆಯದಿರಲೆಂದು ತನ್ನ ಬುಟ್ಟಿಯ ಅರಿವೆಯನ್ನೇ ನಿನ್ನ ಹಲ್ಲಿಗೆ ಕೊಟ್ಟು, ಮೇಲೆ ಮಲಗಿದ್ದು. ಸದ್ದು ನಿಂತಾಗ ನೀನೊಬ್ಬಳೇ ಎದ್ದೆ. ಅವಳ ಹೆಸರೂ ನಿನಗೆ ಗೊತ್ತಾಗಲಿಲ್ಲ.

"ಲಿಂಗಾ ಕಟ್ಟಿದಾಕಿ ಬಾಯಾಗ ಮೀನಿನ ಅರಿವಿ! ನಿಮ್ಮ ಆಯಿಗೆ ಹೇಳಬ್ಯಾಡ ಮತ್ತ" ಎಂದು ನಕ್ಕೆ. ಅಷ್ಟು ಚಿಕ್ಕವಳು ಅದನ್ನೆಲ್ಲ ಹೊತ್ತು ಬಂದು ಹೇಗೆ ನಗುವುದನ್ನು ಕಲಿತೆ? ಮಾಸ್ತರರು ಒಮ್ಮೆ ಗದರಿದರೆಂದು ಶಾಲೆಯನ್ನೇ ಬಿಟ್ಟವಳು ನಾನು.

ಈಗ ಸುದ್ದಿ ಕೇಳು. ಟಿಬೇಟಿನಿಂದ ಓಡಿ ಬಂದವರಿಗೆ ಮುಂಡಗೋಡದಲ್ಲಿ ಕಾಡು ಕಡಿದು ಬಿಡಾರ ಹಾಕಿದ್ದಾರೆ. ಅಲ್ಲಿಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ಆಯಿ ಹೂಂ ಅಂದರೆ ಹೋಗು ಎಂದ ಅಪ್ಪ. ಆಯಿ ಬಾಗಿಲಿಗೆ ಅಡ್ಡ ಕುಳಿತಳು.

"ಏನೇನರ ತಿನ್ನೂ ಮಂದಿ. ಅವರ ಕೈಯಾಗಿನ ನೀರ ಕುಡೀತಿಯೇನ? ನಿಮ್ಮವ್ವ ಇದ್ದಿದ್ರ ನಿನ್ನ ಕಾಲ ಮುರೀತಿದ್ಲು!"

ನಿನ್ನ ಹೆಸರು ತೆಗೆದ ಮೇಲೆ ನನಗೆ ತಡೆಯಲಾಗಲಿಲ್ಲ, ಅವ್ವಾ. ಎಲ್ಲ ಹೇಳಿದೆ.

ಆಯಿ ತನ್ನ ಸೆರಗಿನ ಚುಂಗನ್ನು ತಾನೇ ಹಲ್ಲಲ್ಲಿ ಕಚ್ಚಿ ನೋಡಿದಳು.

"ಇಷ್ಟ್ ವರ್ಷ ನಾ ಇದನ್ನ ನಾಚಿಕಿ ಅಂತಿದ್ನಲ್ಲ..."

ಎದ್ದು ಹೋಗಿ ಹಿಟ್ಟು ನಾದತೊಡಗಿದಳು. "ರೊಟ್ಟಿ ಜಾಸ್ತಿನ ಕಟ್ಟತೇನಿ. ಆ ಕೂಸುಗೊಳಿಗೂ ಕೊಡು" ಎಂದಳು, ನನ್ನ ಕಡೆ ನೋಡದೆ.

ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ.