ಸಾಲಿಗ್ರಾಮದ ಮೇಲಿನ ಹಲ್ಲಿನ ಗುರುತು

ರಾಯಚೂರು
ಪಾರ್ಥಿವ ಸಂವತ್ಸರ, ಮಾರ್ಗಶಿರ ಶುದ್ಧ ದ್ವಾದಶಿ
೧೬ ಡಿಸೆಂಬರ್ ೧೯೪೫

ಚಿ. ಸೌ. ಅನಸೂಯಾಬಾಯಿಗೆ ನಿನ್ನ ಮಾವ ಮನಸಾರೆ ಮಾಡುವ ಆಶೀರ್ವಾದಗಳು.

ನೀನು ಮಾನ್ವಿಗೆ ಹೋಗಿ ಇಂದಿಗೆ ಇಪ್ಪತ್ತೇಳು ದಿನ. ತವರಿನಲ್ಲಿ ಆರೋಗ್ಯವಾಗಿದ್ದೀಯಷ್ಟೆ? ಹೋಗುವಾಗ ಇದ್ದ ಕೆಮ್ಮು ವಾಸಿಯಾಯಿತೇ? ಬೀಗರ ಮೊಣಕಾಲು ನೋವು ಹೇಗಿದೆ? ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿನ್ನ ಅತ್ತೆಯೂ ಗಟ್ಟಿ, ಅವಳ ನಾಲಗೆ ಇನ್ನೂ ಗಟ್ಟಿ. ನೀನು ಹೋದಾಗಿನಿಂದ ನನ್ನ ಸಾರಿಗೆ ಉಪ್ಪು ಹಾಕುವುದನ್ನು ದಿನ ಬಿಟ್ಟು ದಿನ ಮರೆಯುತ್ತಾಳೆ. ಅದು ಮರೆವಲ್ಲ ಎಂದು ನನಗೂ ಗೊತ್ತು. ಹನುಮಂತ ಹೈದರಾಬಾದಿನಿಂದ ಪತ್ರ ಬರೆದು, ಹೆಂಡತಿ ಇಷ್ಟು ದಿನ ತವರಿನಲ್ಲೇಕೆ ಎಂದು ಎರಡೆರಡು ಸಲ ಕೇಳಿದ್ದಾನೆ. ಅವನಿಗೆ ಇನ್ನೂ ಉತ್ತರ ಬರೆದಿಲ್ಲ.

ಉತ್ಥಾನ ದ್ವಾದಶಿಯ ದಿನ ನಡೆದದ್ದನ್ನು ನೀನು ಮರೆತಿರಲಾರೆ. ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಅಂದು ಹಬ್ಬವೆಂದು, ಜಿಡ್ಡು ಬಿಡಲಿ ಎಂದು, ಅದನ್ನು ಬಿಸಿನೀರಿನಲ್ಲಿಟ್ಟು ನಾನು ತುಳಸಿ ತರಲು ಹಿತ್ತಲಿಗೆ ಹೋದೆ. ನೀರು ತಂದುಕೊಟ್ಟ ನೀನು ದೇವರಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಬಂದು ನೋಡಿದರೆ ಸಾಲಿಗ್ರಾಮದ ಚಕ್ರದ ಮೇಲೆ ಸಾಲಾಗಿ ಏಳು ಕುಳಿ! ನಲವತ್ತು ವರ್ಷ ದಿನವೂ ಕೈಯಲ್ಲಿ ಹಿಡಿದ ಕಲ್ಲಿನಲ್ಲಿ ನನಗೆ ಗೊತ್ತಿಲ್ಲದ ಕುಳಿ ಎಲ್ಲಿಂದ ಬರಬೇಕು? ನೀನು ಮುಟ್ಟಿ ಕೆಡವಿದ್ದೀಯೆ ಎಂದು ತೀರ್ಮಾನಿಸಿಬಿಟ್ಟೆ. “ನಾ ಮುಟ್ಟೇ ಇಲ್ರೀ ಮಾವನೋರ” ಎಂದು ನೀನು ಮೂರು ಸಲ ಹೇಳಿದೆ. ಆದರೂ ನಾನು ಓಣಿಗೆಲ್ಲ ಕೇಳುವಂತೆ ನಿನ್ನನ್ನು ಸುಳ್ಳುಗಾತಿ ಎಂದೆ. ಮೂರನೆಯ ದಿನ ನೀನು ಅಣ್ಣನನ್ನು ಕರೆಸಿಕೊಂಡು ಹೊರಟುಹೋದೆ.

ಕಳೆದ ವಾರ ಪಕ್ಕದ ಓಣಿಯ ಪೀರಾ ಸಾಬರನ್ನು ನಮ್ಮ ಕಟ್ಟೆಗೆ ಕರೆಸಿದೆ. ಕಲ್ಲು, ಗಣಿಗಳ ಸರ್ವೆಯಲ್ಲಿ ಮೂವತ್ತು ವರ್ಷ ದುಡಿದವರು. ಏಟು ಹೊಸದೆಂದು ಅವರ ಬಾಯಿಂದ ಹೇಳಿಸಿ ಬೀಗರಿಗೆ ಬರೆಯಬೇಕೆಂಬುದು ನನ್ನ ಹಂಚಿಕೆ. “ನೀವ ಅಂಗೈಯಾಗ ಹಿಡೀರಿ ಆಚಾರ್ರ, ನಾ ಮುಟ್ಟಲಾರದನ ನೋಡ್ತೀನಿ” ಎಂದು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕುಬಿಟ್ಟರು. “ಇದು ಬಿದ್ದ ಏಟಲ್ರೀ, ಕಚ್ಚಿದ್ದು!” ಎಂದರು.

ಸಾಲಿಗ್ರಾಮ ಸಿಗುವ ಹಿಮಾಲಯ ಇರುವಲ್ಲಿ ಹಿಂದೆ ಸಮುದ್ರವಿತ್ತಂತೆ. ನಾವು ಚಕ್ರವೆನ್ನುವುದು ಆ ನೀರಿನಲ್ಲಿ ಬದುಕಿದ್ದ ಒಂದು ಜೀವಿಯ ಚಿಪ್ಪು. ಯಾವುದೋ ದೊಡ್ಡ ಪ್ರಾಣಿ ಅದನ್ನು ಕಚ್ಚಿದೆ. ಚಿಪ್ಪು ಕೆಸರಿಗೆ ಬಿದ್ದು, ಹಲ್ಲಿನ ಗುರುತಿನ ಸಮೇತ ಕಲ್ಲಾಗಿದೆ. “ಎಷ್ಟು ಕೋಟಿ ವರ್ಷ ಆತೋ, ಅಲ್ಲಾನ ಬಲ್ಲ” ಎಂದರು. ತಿರುಗಿಸಿದರೆ ಹಿಂದೆಯೂ ಅಂಥದೇ ಬಾಗಿದ ಸಾಲು. ಮೇಲಿನ ದವಡೆಯದೊಂದು, ಕೆಳಗಿನದೊಂದು. ಹಾಗಾದರೆ ಇಷ್ಟು ವರ್ಷ ನನಗೇಕೆ ಕಾಣಲಿಲ್ಲ ಎಂದು ವಾದಕ್ಕೆ ನಿಂತೆ. ಅವರು ಒಂದು ಕುಳಿಯ ತಳ ತೋರಿಸಿದರು. ಅಲ್ಲಿ ಗಂಧ ಗಟ್ಟಿಯಾಗಿ ಕೂತಿತ್ತು! ಅಜ್ಜ, ಅಪ್ಪ, ನಾನು ದಿನವೂ ಹಚ್ಚಿದ ಗಂಧವೇ ಕುಳಿಗಳನ್ನೆಲ್ಲ ಮುಚ್ಚಿತ್ತು. ಅಂದು ಬಿಸಿನೀರಿಗೆ ಬಿಟ್ಟುಕೊಂಡಿದೆ, ಅಷ್ಟೆ.

ಅಂದಿನಿಂದ ಪೂಜೆಗೆ ಕೂತರೆ ಬೆರಳು ಆ ಕುಳಿಗಳ ಮೇಲೇ ಹೋಗುತ್ತದೆ. ಒಂದು ಗಳಿಗೆಯ ಕಚ್ಚುವಿಕೆ, ಇಷ್ಟು ಕಾಲ ಉಳಿಯಿತಲ್ಲ ಎಂದು ಭಯವಾಗುತ್ತದೆ. ಹಾಗೆಂದು ನನ್ನ ದೇವರು ದೇವರಲ್ಲದೆ ಹೋದನೇ? ಖಂಡಿತ ಇಲ್ಲ. ಪೂಜೆ ಎಂದಿನಂತೆ ನಡೆದಿದೆ. ನಿನ್ನ ಮೇಲೆ ಇನ್ನು ಯಾವ ಆಕ್ಷೇಪವೂ ಇಲ್ಲವಾದ್ದರಿಂದ ನೀನು ನಿಸ್ಸಂಕೋಚವಾಗಿ ಮನೆಗೆ ಬರಬಹುದು.

ಬೀಗರಿಗೂ ಬೀಗಿತ್ತಿಗೂ ನಮಸ್ಕಾರ, ನಿನ್ನ ಅಣ್ಣನಿಗೆ ಆಶೀರ್ವಾದ. ದೇವರು ನಿನ್ನನ್ನು ಸುಖವಾಗಿಡಲಿ.

ನಿನ್ನ ಮಾವ,
ಪ್ರಹ್ಲಾದಾಚಾರ್ಯ

ತಾ.ಕ.: ಅಂಚೆಗೆ ಹಾಕುವ ಮೊದಲು ನಿನ್ನ ಅತ್ತೆ ಇದನ್ನು ಓದಿಸಿಕೊಂಡಳು. “ಇದು ಕ್ಷಮಾ ಕೇಳೋ ಪತ್ರನೋ, ಕ್ಷಮಾ ಮಾಡೋ ಪತ್ರನೋ?” ಎಂದು ಕೇಳಿ ಒಳಗೆ ಹೋದಳು. ಅವಳು ಹೇಳಿದ್ದು ಸರಿ. ಸಾಲಿಗ್ರಾಮ ಒಡೆದರೂ ಪೂಜೆಗೆ ದೋಷವಿಲ್ಲ ಎಂದು ಊರಿಗೆಲ್ಲ ಹೇಳುವವನು ನಾನೇ. ಅಂದ ಮೇಲೆ, ನೀನು ನಿಜವಾಗಿ ಕೆಡವಿದ್ದರೂ ನಾನು ಹಾಗೆ ಬಯ್ಯಬಾರದಿತ್ತು. ತಪ್ಪು ನನ್ನದು ತಾಯಿ. ಮಂಗಳವಾರದ ಮೋಟಾರಿಗೆ ಮಾನ್ವಿಗೆ ಬರುತ್ತೇನೆ. ಇದೇ ಮಾತನ್ನು ನಿಮ್ಮ ಓಣಿಗೆಲ್ಲ ಕೇಳುವಂತೆ ಹೇಳಿ ನಿಮ್ಮ ಕಟ್ಟೆಯ ಮೇಲೆ ಕೂತಿರುತ್ತೇನೆ. ನೀನು ಹೊರಗೆ ಬಂದು “ಏಳ್ರೀ ಮಾವನೋರ” ಅನ್ನುವವರೆಗೂ ಏಳುವುದಿಲ್ಲ.